ಮನೆಯನ್ನೇ ಓಡಿಸಿಕೊಂಡು ಫ್ಯೋರ್ಡ್‌ಗಳ ನಾಡಿಗೆ: ನಾರ್ವೆಯಲ್ಲಿ ಮೋಟರ್‌ಹೋಮ್ ಪ್ರವಾಸ, ಹಂತ ಹಂತವಾಗಿ

ನಾರ್ವೆಯ ಚಿತ್ರಗಳನ್ನು ತೋರಿಸಿದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಗಳು ಮೂರೇ. ನಮ್ಮ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆಯೇ? ರಾತ್ರಿ ಕಂಡಕಂಡಲ್ಲಿ ನಿಲ್ಲಿಸಿ ಮಲಗಬಹುದೇ? ಅಷ್ಟುದ್ದದ ಗಾಡಿಯನ್ನು ಆ ಘಾಟಿಗಳಲ್ಲಿ ಓಡಿಸಲು ನಮ್ಮಿಂದ ಆದೀತೇ? ಚುಟುಕಾಗಿ ಹೇಳುವುದಾದರೆ: ನಡೆಯುತ್ತದೆ, ಮಲಗುವಂತಿಲ್ಲ, ಖಂಡಿತ ಆಗುತ್ತದೆ. ವಿವರ ಬೇಕಾದವರು ಮುಂದೆ ಓದಿ.

ಮೊದಲು ಎರಡು ಪದಗಳು. ಮೋಟರ್‌ಹೋಮ್ ಎಂದರೆ ಹಾಸಿಗೆ, ಅಡುಗೆ ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಇರುವ ವ್ಯಾನು. ನಾರ್ವೆಯವರು ಇದನ್ನು ‘ಬೂಬಿಲ್’ ಎನ್ನುತ್ತಾರೆ; ಫಲಕಗಳಲ್ಲಿ ಕಾಣುವುದೂ ಅದೇ ಪದ. ಫ್ಯೋರ್ಡ್ ಎಂದರೆ ಹಿಮನದಿ ಕೊರೆದ ಆಳ ಕಣಿವೆಗೆ ಸಮುದ್ರ ನುಗ್ಗಿ ಆದ ಉದ್ದನೆಯ ಕಡಲತೋಳು. ಇವುಗಳಲ್ಲಿ ದೊಡ್ಡದಾದ ಸೋಗ್ನೆಫ್ಯೋರ್ಡ್ 205 ಕಿ.ಮೀ. ಒಳನಾಡಿಗೆ ಚಾಚಿದೆ, ಕೆಲವೆಡೆ 1,300 ಮೀಟರ್ ಆಳವಿದೆ. ಈ ನೀರಿನ ತೋಳುಗಳನ್ನು ಸುತ್ತಬೇಕು, ಗಾಡಿಗಳನ್ನೂ ಹೊರುವ ದೋಣಿಯಲ್ಲಿ ದಾಟಬೇಕು, ಇಲ್ಲವೇ ಬೆಟ್ಟ ಕೊರೆದು ಮಾಡಿದ ಸುರಂಗದಲ್ಲಿ ಹೋಗಬೇಕು. ನಕ್ಷೆಯ ಮೇಲೆ ಒಂದು ಗೇಣು ಕಾಣುವ ದೂರಕ್ಕೆ ಅರ್ಧ ದಿನ ಹಿಡಿಯುವುದು ಇದಕ್ಕೇ.

ಇಲ್ಲಿ ವಿವರಿಸುತ್ತಿರುವುದು ಬೆರ್ಗೆನ್ ನಗರದಿಂದ ಹೊರಟು ಅಲ್ಲಿಗೇ ಮರಳುವ ಸುಮಾರು 1,200 ಕಿ.ಮೀ. ಸುತ್ತು. ಹನ್ನೊಂದು ದಿನ ಇಟ್ಟುಕೊಳ್ಳಿ. ‘ಏಳು ದಿನಕ್ಕೆ ಆಗುವುದಿಲ್ಲವೇ’ ಎನ್ನುವವರು ಕಾರು ಬಾಡಿಗೆಗೆ ಹಿಡಿದು ಹೋಟೆಲುಗಳಲ್ಲಿ ತಂಗುವುದು ಒಳ್ಳೆಯದು. ದಿನಕ್ಕೆ 150 ಕಿ.ಮೀ. ದಾಟಿದರೆ ಮೋಟರ್‌ಹೋಮ್ ಬರೀ ಲಾರಿ.

1. ತಿಂಗಳು ಗೊತ್ತುಮಾಡಿಕೊಳ್ಳಿ

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಅದಕ್ಕೆ ಮೊದಲೂ ನಂತರವೂ ಹೋಗಬಹುದು, ಆದರೆ ಎತ್ತರದ ಕಣಿವೆದಾರಿಗಳು ಚಳಿಗಾಲದಲ್ಲಿ ಪೂರಾ ಮುಚ್ಚಿರುತ್ತವೆ. ಜೂನ್‌ನಲ್ಲಿ ಹೋದರೆ ಬೆಟ್ಟದ ರಸ್ತೆಯ ಎರಡೂ ಬದಿ ಹಿಮದ ಗೋಡೆಗಳು ಇನ್ನೂ ನಿಂತಿರುತ್ತವೆ, ಜಲಪಾತಗಳು ಮೈದುಂಬಿರುತ್ತವೆ. ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ. ಜುಲೈ ನಾರ್ವೆಯವರ ರಜಾ ತಿಂಗಳು. ಎಲ್ಲೆಲ್ಲೂ ಬೂಬಿಲ್‌ಗಳ ಸಾಲು. ನನ್ನ ಆಯ್ಕೆ ಆಗಸ್ಟ್ ಕೊನೆ.

ಮಳೆಯಿಲ್ಲದ ತಿಂಗಳು ಯಾವುದು ಎಂದು ಮಾತ್ರ ಕೇಳಬೇಡಿ. ಬೆರ್ಗೆನ್ ಎಂದರೆ ಅಲ್ಲಿನ ಆಗುಂಬೆ. ಕೊಡೆಯಲ್ಲ, ಮಳೆಕೋಟು ಒಯ್ಯಿರಿ. ಅಲ್ಲಿನ ಗಾಳಿಗೆ ಕೊಡೆ ಅರ್ಧ ಗಂಟೆಯೂ ಬಾಳುವುದಿಲ್ಲ.

2. ಕಾಗದಪತ್ರ

ನಾರ್ವೆ ಐರೋಪ್ಯ ಒಕ್ಕೂಟದ ಸದಸ್ಯನಲ್ಲ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಐರೋಪ್ಯ ದೇಶಗಳ ಷೆಂಗೆನ್ ವಲಯದಲ್ಲಿದೆ. ಆದ್ದರಿಂದ ಬೇಕಾದದ್ದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಲೇಬೇಕು. ಬೇಸಿಗೆಗೆ ಹೋಗುವವರು ಆ ಕನಿಷ್ಠವನ್ನು ನೆಚ್ಚಿಕೊಳ್ಳಬಾರದು. ಸಂದರ್ಶನದ ದಿನ ಸಿಗುವುದೇ ಕಷ್ಟವಾಗುತ್ತದೆ. 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ಲೈಸೆನ್ಸ್. ನಿಮ್ಮ ಮೂಲ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನೂ ಇಟ್ಟುಕೊಳ್ಳಿ. ನಿಮ್ಮ ಪರವಾನಗಿ ಇರುವ ಆರ್‌ಟಿಒ ಕಚೇರಿಯೇ ಅದನ್ನು ಕೊಡುತ್ತದೆ. ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ಹಾಕಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಕೇಳುತ್ತಾರೆ. ಅದರ ಆಯುಷ್ಯ ಒಂದು ವರ್ಷ. ಅನುಮತಿ ಪತ್ರ ಮಾತ್ರ ಒಯ್ದು ಮೂಲ ಕಾರ್ಡನ್ನು ಮನೆಯಲ್ಲಿ ಮರೆತರೆ ಎರಡೂ ಇಲ್ಲದಂತೆಯೇ.

ಇಲ್ಲೊಂದು ಹಳ್ಳವಿದೆ, ಎಷ್ಟೋ ಜನ ಬೀಳುತ್ತಾರೆ. ನಮ್ಮಲ್ಲಿ ಲಘು ವಾಹನದ ಪರವಾನಗಿ 7,500 ಕೆ.ಜಿ. ತೂಕದವರೆಗೂ ಸಲ್ಲುತ್ತದೆ. ಯುರೋಪಿನಲ್ಲಿ ಅದಕ್ಕೆ ಸರಿಸಮವಾದ ‘ಬಿ’ ವರ್ಗದ ಮಿತಿ 3,500 ಕೆ.ಜಿ. ಆದ್ದರಿಂದ ಒಟ್ಟು ತೂಕ 3,500 ಕೆ.ಜಿ. ಮೀರದ ಗಾಡಿಯನ್ನೇ ಕೇಳಿ ಪಡೆಯಿರಿ. ಬಾಡಿಗೆ ಸಂಸ್ಥೆಗಳು ಚಾಲಕನ ಕನಿಷ್ಠ ವಯಸ್ಸನ್ನೂ ಪರವಾನಗಿ ಎಷ್ಟು ವರ್ಷ ಹಳೆಯದು ಎಂಬುದನ್ನೂ ನೋಡುತ್ತವೆ. ಹಣ ಕಟ್ಟುವ ಮೊದಲೇ ಪರವಾನಗಿಯ ಪ್ರತಿ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ.

3. ಗಾಡಿ ಆರಿಸಿ

ಇಬ್ಬರಿಗಾದರೆ ಆರು ಮೀಟರಿನ ವ್ಯಾನು ಸಾಕು. ನಾಲ್ವರಿಗೆ ಏಳು ಮೀಟರ್ ಬೇಕಾಗುತ್ತದೆ. ಚಾಲಕನ ತಲೆಯ ಮೇಲೆ ಹಾಸಿಗೆಯಿರುವ ಅಟ್ಟದ ಮಾದರಿಯೂ ಸಿಗುತ್ತದೆ, ಮಕ್ಕಳಿಗೆ ಅದೇ ಇಷ್ಟ. ದೊಡ್ಡದಿದ್ದಷ್ಟೂ ಆರಾಮ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಕ್ಕಟ್ಟಿನ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ನಿಮ್ಮ ಹಿಂಭಾಗದ ಆ ಒಂದು ಮೀಟರ್ ಎಷ್ಟು ಭಾರ ಎಂದು ತಿಳಿಯುತ್ತದೆ.

ತೂಕದ ಲೆಕ್ಕವನ್ನೂ ಮಾಡಿ. ಖಾಲಿ ಗಾಡಿಯೇ 3,000 ಕೆ.ಜಿ. ಆಸುಪಾಸು ಇರುತ್ತದೆ. ನಾಲ್ಕು ಜನ, ಅವರ ಸೂಟ್‌ಕೇಸ್, 100 ಲೀಟರ್ ನೀರು ಸೇರಿದರೆ ಮಿತಿ ಹತ್ತಿರವೇ. ಗಟ್ಟಿ ಸೂಟ್‌ಕೇಸ್ ಬೇಡ. ಮಡಚಿಡಬಹುದಾದ ಬಟ್ಟೆಯ ಚೀಲವೇ ವಾಸಿ, ಇಲ್ಲದಿದ್ದರೆ ಖಾಲಿ ಸೂಟ್‌ಕೇಸುಗಳ ಜೊತೆ ಮಲಗಬೇಕಾದೀತು.

ವಿಮೆಯ ಕರಾರಿನಲ್ಲಿ ‘ಎಗೆನ್‌ಆಂಡೆಲ್’ ಎಂಬ ಪದ ಹುಡುಕಿ. ಅಪಘಾತವಾದರೆ ನೀವು ಕೈಯಿಂದ ಕೊಡಬೇಕಾದ ಪಾಲು ಅದು. ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಅದನ್ನು ಇಳಿಸಿಕೊಳ್ಳುವುದು ಜಾಣತನ. ಚಾವಣಿಗೆ, ತಳಭಾಗಕ್ಕೆ, ಗಾಜಿಗೆ ಆದ ಹಾನಿ ವಿಮೆಯಲ್ಲಿ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಮುಂಗಡ ಠೇವಣಿಗೆ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಡೆಬಿಟ್ ಕಾರ್ಡ್ ಹಿಡಿದು ಹೋಗಿ ಕಟ್ಟೆಯ ಮುಂದೆ ಪೆಚ್ಚಾಗಿ ನಿಲ್ಲಬೇಡಿ.

4. ಕೀಲಿ ಕೈಗೆ ಬಂದ ದಿನ

ಆ ದಿನ ಎಲ್ಲಿಗೂ ಹೋಗಬೇಡಿ. ವಿಮಾನದ ಜಡ ಕಳೆಯದ ಚಾಲಕ, ಎಡಕ್ಕೆ ಸ್ಟಿಯರಿಂಗ್, ಬಲಗೈಗೆ ಗೇರು, ರಸ್ತೆಯ ಬಲಬದಿ: ಒಂದೇ ದಿನಕ್ಕೆ ಇಷ್ಟು ಸಾಕು. ಗಾಡಿಯನ್ನು ಒಂದು ಸುತ್ತು ವಿಡಿಯೊ ಮಾಡಿ, ಚಾವಣಿಯ ಅಂಚನ್ನೂ ಬಿಡದೆ. ಗಾಡಿಯ ಎತ್ತರ, ಉದ್ದ, ಅಗಲಗಳನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿ. ಮೂರು ಮೀಟರ್ ಎತ್ತರದ ಗಾಡಿಯನ್ನು ಅಭ್ಯಾಸಬಲದಿಂದ ನೆಲಮಾಳಿಗೆಯ ಪಾರ್ಕಿಂಗಿಗೆ ನುಗ್ಗಿಸುವವರು ಪ್ರತಿ ವರ್ಷವೂ ಇರುತ್ತಾರೆ.

ಮೊದಲ ಸಲ ನಾನು ಬೀರುವಿನ ಚಿಲಕ ಒತ್ತದೆಯೇ ಹೊರಟೆ. ಮೊದಲ ವೃತ್ತದಲ್ಲಿ ಗಾಡಿ ವಾಲಿದ್ದೇ ತಡ, ಮೇಲಿನ ಬಾಗಿಲು ತೆರೆದು ಚಟ್ನಿಪುಡಿಯ ಡಬ್ಬಿ ನೆಲಕ್ಕೆ ಬಿತ್ತು. ಹನ್ನೊಂದು ದಿನವೂ ಆ ಗಾಡಿ ಒಣಮೆಣಸು, ಬೆಳ್ಳುಳ್ಳಿಯ ವಾಸನೆ ಹೊತ್ತೇ ಓಡಿತು. ಅಂದಿನಿಂದ ಹೊರಡುವ ಮೊದಲು ಐದು ಮಾತು ಗಟ್ಟಿಯಾಗಿ ಹೇಳುವುದು ರೂಢಿಯಾಗಿದೆ: ಚಿಲಕ, ಕಿಟಕಿ, ಮೆಟ್ಟಿಲು, ಅನಿಲ, ತಂತಿ. ಬೀರುಗಳ ಚಿಲಕ ಹಾಕಿದೆಯೇ, ಚಾವಣಿಯ ಕಿಟಕಿ ಮುಚ್ಚಿದೆಯೇ, ಹೊರಗಿನ ಮೆಟ್ಟಿಲು ಒಳಹೋಗಿದೆಯೇ, ಸಿಲಿಂಡರಿನ ಕವಾಟ ತಿರುಗಿಸಿ ಮುಚ್ಚಿದೆಯೇ, ವಿದ್ಯುತ್ ತಂತಿ ಕಳಚಿದೆಯೇ. ಕೊನೆಯದನ್ನು ಮರೆತು ಕಂಬ ಸಮೇತ ಎಳೆದುಕೊಂಡು ಹೋದವರನ್ನು ಕಣ್ಣಾರೆ ಕಂಡಿದ್ದೇನೆ.

5. ರಸ್ತೆಯ ರೀತಿನೀತಿ

ಊರೊಳಗೆ 50, ಹೊರಗೆ 80 ಕಿ.ಮೀ. ಎಂಬುದು ಸಾಮಾನ್ಯ ಮಿತಿ. ದಂಡ ಘೋರವಾಗಿರುತ್ತದೆ. ಹಲವು ಸುರಂಗಗಳಲ್ಲಿ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೇ ಅಳೆಯುತ್ತಾರೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ಉಪಾಯ ಅಲ್ಲಿ ಫಲಿಸದು. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಮದ್ಯದ ಮಿತಿ ರಕ್ತದಲ್ಲಿ ಸಾವಿರಕ್ಕೆ 0.2, ಅಂದರೆ ಕುಡಿದವರು ಓಡಿಸುವಂತಿಲ್ಲ ಎಂದೇ ತಿಳಿಯಿರಿ. ರಾತ್ರಿ ಕುಡಿದು ಬೆಳಗ್ಗೆ ಬೇಗ ಹೊರಡುವವರೂ ಸಿಕ್ಕಿಬೀಳುತ್ತಾರೆ.

ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ದಾರಿ. ಸಣ್ಣ ಗಲ್ಲಿಯಿಂದ ಬಂದರೂ ಅಷ್ಟೇ. ನಮ್ಮಲ್ಲಿ ದೊಡ್ಡ ರಸ್ತೆಯವನು, ಅದಕ್ಕಿಂತ ದೊಡ್ಡ ಗಾಡಿಯವನು ನುಗ್ಗುತ್ತಾನೆ. ಆ ಅಭ್ಯಾಸ ಬಿಡಿಸಿಕೊಳ್ಳಲು ಎರಡು ದಿನ ಬೇಕು. ಘಾಟಿಯ ತಿರುವಿನಲ್ಲಿ ಹಾರ್ನ್ ಒತ್ತುವುದನ್ನೂ ಬಿಡಿ. ಅಲ್ಲಿ ಹಾರ್ನ್ ಎಂದರೆ ಬೈಗುಳ.

ಕಿರಿದಾದ ರಸ್ತೆಗಳಲ್ಲಿ ‘ಎಮ್’ ಅಕ್ಷರದ ನೀಲಿ ಫಲಕ ಕಾಣುತ್ತದೆ. ಎದುರು ವಾಹನಕ್ಕೆ ದಾರಿ ಬಿಡಲು ರಸ್ತೆ ಅಗಲಿಸಿದ ಜಾಗ ಅದು. ಅದನ್ನು ಫೋಟೊ ತೆಗೆಯುವ ನಿಲ್ದಾಣ ಮಾಡಿಕೊಳ್ಳಬೇಡಿ. ಪ್ರವಾಸಿಗರ ಮೇಲೆ ಸ್ಥಳೀಯರಿಗೆ ಇರುವ ಮುಖ್ಯ ಸಿಟ್ಟು ಇದೇ. ಹಿಂದೆ ಮೂರು ಗಾಡಿ ಸೇರಿದರೆ ಬದಿಗೆ ಸರಿದು ಮುಂದೆ ಬಿಡಿ.

ಇಳಿಜಾರಿನ ಮಾತು ಎಲ್ಲಕ್ಕಿಂತ ಮುಖ್ಯ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದರಲ್ಲೇ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಕೈಕೊಡುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಹಾರ್ಡಾಂಗರ್ ಕಡೆಯ ಮೋಬೊಡಾಲೆನ್ ಇಳಿಜಾರಿನಲ್ಲಿ 1988ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಶಾಲಾ ಮಕ್ಕಳಿದ್ದ ಬಸ್ಸಿನ ಬ್ರೇಕ್ ಸೋತು 16 ಮಂದಿ ಸತ್ತರು. ನಮ್ಮ ಮಾರ್ಗ ಅದೇ ಕಣಿವೆಯಲ್ಲಿ ಹಾದುಹೋಗುತ್ತದೆ.

ಟೋಲ್‌ಗೆ ಎಲ್ಲೂ ನಿಲ್ಲಬೇಕಿಲ್ಲ. ಕ್ಯಾಮೆರಾ ಗಾಡಿಯ ನಂಬರ್ ಓದಿಕೊಳ್ಳುತ್ತದೆ, ಬಿಲ್ಲು ಬಾಡಿಗೆ ಸಂಸ್ಥೆಯ ಮೂಲಕ ವಾರಗಳ ನಂತರ ಬರುತ್ತದೆ. ಊರಿಗೆ ಮರಳಿದ ಮೇಲೆ ಕಾರ್ಡಿನಿಂದ ಹಣ ಹೋದರೆ ಗಾಬರಿಯಾಗಬೇಡಿ. ಡೀಸೆಲ್ ಹಾಕಿಸುವಾಗ ‘ಆನ್‌ಲೆಗ್ಸ್‌ಡೀಸೆಲ್’ ಅಥವಾ ‘ಆವ್‌ಗಿಫ್ಟ್ಸ್‌ಫ್ರೀ’ ಎಂದಿರುವ ಪಂಪಿನ ಹತ್ತಿರ ಸುಳಿಯಬೇಡಿ. ಅದು ತೆರಿಗೆಯಿಲ್ಲದ, ಯಂತ್ರಗಳಿಗೆಂದೇ ಇರುವ ಬಣ್ಣದ ಡೀಸೆಲ್. ಅಗ್ಗ, ಆದರೆ ರಸ್ತೆಯ ಗಾಡಿಯಲ್ಲಿ ಸಿಕ್ಕರೆ ಅಪರಾಧ.

6. ಮಾರ್ಗ

ಬೆರ್ಗೆನ್‌ನಿಂದ ಪೂರ್ವಕ್ಕೆ ಹೊರಟರೆ ಮೊದಲು ಹಾರ್ಡಾಂಗರ್ ಫ್ಯೋರ್ಡ್. ನೂರ್‌ಹೈಮ್‌ಸುಂಡ್ ಬಳಿಯ ಸ್ಟೈನ್ಸ್‌ಡಾಲ್ಸ್‌ಫೊಸ್ ಜಲಪಾತದ ಹಿಂದೆಯೇ ನಡೆದು ಹೋಗಬಹುದು. ಈ ಸೀಮೆ ಸೇಬು, ಚೆರ‍್ರಿಗಳದ್ದು. ರಸ್ತೆಬದಿಯಲ್ಲಿ ಮಾರುವವರಿಲ್ಲದ ಹಣ್ಣಿನ ಗೂಡಂಗಡಿಗಳಿರುತ್ತವೆ: ಬುಟ್ಟಿ ಎತ್ತಿಕೊಂಡು ಡಬ್ಬಿಗೆ ಹಣ ಹಾಕುವುದು. ನಾರ್ವೆಯವರು ‘ವಿಪ್ಸ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಕೊಡುತ್ತಾರೆ, ನಮಗದು ದಕ್ಕದು. ಎಲ್ಲೆಡೆ ಕಾರ್ಡ್ ನಡೆಯುವ ದೇಶದಲ್ಲೂ ಕೈಯಲ್ಲಿ ಒಂದಿಷ್ಟು ಚಿಲ್ಲರೆ ಕ್ರೋನರ್ ಇರಲಿ ಎನ್ನುವುದು ಈ ಹಣ್ಣಿಗಾಗಿಯೇ.

ಮುಂದೆ ಸುರಂಗದೊಳಗೆ ನೀಲಿ ಬೆಳಕಿನ ವೃತ್ತವೊಂದು ಎದುರಾಗುತ್ತದೆ. ಅಲ್ಲಿಂದ ಹೊರಬಿದ್ದರೆ ನೇರ ಹಾರ್ಡಾಂಗರ್ ಸೇತುವೆಯ ಮೇಲೆಯೇ. 2013ರಲ್ಲಿ ತೆರೆದ ಇದರ ನಡುಗಂಬಗಳ ಅಂತರ 1,310 ಮೀಟರ್. ಏಯ್ಡ್‌ಫ್ಯೋರ್ಡ್‌ನಲ್ಲಿ ತಂಗಿ, ಮರುದಿನ 182 ಮೀಟರಿನ ವೋರಿಂಗ್ಸ್‌ಫೊಸ್ ಜಲಪಾತ ನೋಡಿ, ವೋಸ್ ಮೂಲಕ ಫ್ಲೋಮ್‌ಗೆ ಬನ್ನಿ.

ಫ್ಲೋಮ್‌ನಲ್ಲಿ ಎರಡು ರಾತ್ರಿ. ಇಪ್ಪತ್ತು ಕಿ.ಮೀ.ಗಳಲ್ಲಿ ಸಮುದ್ರಮಟ್ಟದಿಂದ 866 ಮೀಟರಿಗೆ ಏರುವ ರೈಲು ಇಲ್ಲಿಂದಲೇ ಹೊರಡುತ್ತದೆ. ಫ್ಯೋರ್ಡಿನ ಮೇಲೆ 650 ಮೀಟರ್ ಎತ್ತರದಲ್ಲಿ ಚಾಚಿಕೊಂಡಿರುವ ಸ್ಟೇಗಾಸ್ಟೈನ್ ಕಟ್ಟೆಗೂ ಹೋಗಿ, ಆದರೆ ನಿಮ್ಮ ಗಾಡಿಯಲ್ಲಿ ಬೇಡ. ರಸ್ತೆ ತೀರಾ ಕಿರಿದು, ಊರಿನಿಂದ ಪ್ರವಾಸಿ ಬಸ್ಸುಗಳಿವೆ.

ಅಲ್ಲಿಂದ ಲೇರ್ಡಾಲ್ ಸುರಂಗ. 24.5 ಕಿ.ಮೀ. ಉದ್ದದ, 2000ದಲ್ಲಿ ತೆರೆದ, ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಚಾಲಕರಿಗೆ ಮಂಪರು ಹತ್ತದಿರಲೆಂದು ಒಳಗೆ ಮೂರು ಕಡೆ ದೊಡ್ಡ ಗವಿ ಕೊರೆದು ನೀಲಿ, ಹಳದಿ ದೀಪ ಹಾಕಿದ್ದಾರೆ. ಸುರಂಗದ ಆಚೆ ಫೋಡ್ನೆಸ್–ಮನ್‌ಹೆಲ್ಲರ್ ದೋಣಿ, ಕಾಲು ಗಂಟೆಯ ದಾಟು. ಇಂಥ ದೋಣಿಗಳಿಗೆ ಮುಂಗಡ ಬುಕಿಂಗ್ ಬೇಕಿಲ್ಲ. ಸಾಲಿನಲ್ಲಿ ನಿಂತು ಸಿಬ್ಬಂದಿ ಕೈತೋರಿದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಅನಿಲದ ಕವಾಟ ಮುಚ್ಚಿ ಮೇಲಂತಸ್ತಿಗೆ ಹೋಗಿ.

ಸೋಗ್ನಡಾಲ್ ದಾಟಿ ಸೋಗ್ನೆಫ್ಯೆಲ್ ಏರಿದರೆ ಉತ್ತರ ಯುರೋಪಿನ ಅತಿ ಎತ್ತರದ ಕಣಿವೆದಾರಿ, 1,434 ಮೀಟರ್. ಇಲ್ಲಿ ಅವಸರ ಮಾಡಬೇಡಿ. ಮರಗಳು ಮುಗಿದ ಮೇಲೆ ಕಲ್ಲು, ಪಾಚಿ, ಹಿಮ, ಹೆಪ್ಪುಗಟ್ಟಿದ ಕೆರೆ ಇಷ್ಟೇ. ಕೊರಳಗಂಟೆಯ ಕುರಿಗಳು ರಸ್ತೆಯ ನಡುವೆ ಮಲಗಿರುತ್ತವೆ, ಹಾರ್ನಿಗೂ ಏಳುವುದಿಲ್ಲ. ಆಚೆ ಇಳಿದರೆ ಲೋಮ್ ಊರು, ಅಲ್ಲಿ ಮಧ್ಯಯುಗದ ಮರದ ಚರ್ಚು.

ಲೋಮ್‌ನಿಂದ ಗೈರಾಂಗರ್‌ಗೆ ಇಳಿಯುವ ದಾರಿ ಸಾವಿರ ಮೀಟರ್ ಎತ್ತರದಿಂದ ನೇರ ಸಮುದ್ರಕ್ಕೆ ಧುಮುಕುತ್ತದೆ. ಮೇಲಿರುವ ಡಾಲ್ಸ್‌ನಿಬ್ಬ ಶಿಖರಕ್ಕೆ ಪ್ರತ್ಯೇಕ ಟೋಲ್ ರಸ್ತೆಯಿದೆ. ಮೋಡ ಕವಿದಿದ್ದರೆ ಹಣ ದಂಡ, ಕೆಳಗಿನಿಂದಲೇ ಆಕಾಶ ನೋಡಿ ನಿರ್ಧರಿಸಿ. ಗೈರಾಂಗರ್ ಫ್ಯೋರ್ಡ್ 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ಇಲ್ಲಿ ಒಂದು ಇಡೀ ದಿನ ಗಾಡಿ ನಿಲ್ಲಿಸಿ, ದೋಣಿಯಲ್ಲಿ ಏಳು ಸೋದರಿಯರು ಎಂಬ ಜಲಪಾತದ ಬುಡಕ್ಕೆ ಹೋಗಿ ಬನ್ನಿ.

ಮುಂದಿನದು ಎಲ್ಲರೂ ಹೆದರುವ ದಿನ. ಗೈರಾಂಗರ್‌ನಿಂದ ಹದ್ದಿನ ದಾರಿ ಎಂದು ಹೆಸರಾದ ಓರ್ನೆವೇಗೆನ್‌ನ 11 ಹೇರ್‌ಪಿನ್ ತಿರುವು ಏರಿ, ಎಯ್ಡ್ಸ್‌ಡಾಲ್–ಲಿಂಗೆ ದೋಣಿ ಹಿಡಿದು, ಸ್ಟ್ರಾಬೆರಿಗೆ ಹೆಸರಾದ ವಾಲ್‌ಡಾಲ್ ದಾಟಿದರೆ ಟ್ರೋಲ್‌ಸ್ಟೀಗೆನ್. ಅಲ್ಲೂ 11 ತಿರುವು, ಇಳಿಜಾರು ಸುಮಾರು ಶೇ 10. 1936ರಲ್ಲಿ ದೊರೆ ಏಳನೆಯ ಹಾಕೋನ್ ಉದ್ಘಾಟಿಸಿದ ರಸ್ತೆ. 12.4 ಮೀಟರಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ, ಅಂದರೆ ನಿಮ್ಮ ಏಳು ಮೀಟರ್ ಸಲೀಸು. ಆಗುಂಬೆಯ 14 ತಿರುವು ಬಸ್ಸಿನ ಹಿಂದೆ ಇಳಿದವರಿಗೆ ಇದು ಕಷ್ಟವೇನಲ್ಲ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ಆರರ ನಂತರ ಇಳಿಯಿರಿ, ಆಗ ಪ್ರವಾಸಿ ಬಸ್ಸುಗಳು ವಿರಳ. ತಿರುವಿಗೆ ಮೊದಲು ಕೆಳಗಿನ ಮಡಿಕೆಯನ್ನು ನೋಡಿ. ಬಸ್ಸು ಬರುತ್ತಿದ್ದರೆ ಮೇಲೆಯೇ ಕಾಯಿರಿ.

ಆದರೆ ಟ್ರೋಲ್‌ಸ್ಟೀಗೆನ್ ತೆರೆದೇ ಇರುತ್ತದೆ ಎಂದು ನಂಬಬೇಡಿ. 2024ರ ಬೇಸಿಗೆಯ ನಡುವೆಯೇ ಬಂಡೆ ಉರುಳುತ್ತಿದ್ದುದರಿಂದ ಮುಚ್ಚಿದರು. ಪ್ರತಿದಿನ ಬೆಳಗ್ಗೆ ರಸ್ತೆ ಇಲಾಖೆಯ ಜಾಲತಾಣ ನೋಡಿ, ಇಲ್ಲವೇ 175ಕ್ಕೆ ಕರೆ ಮಾಡಿ. ಫಲಕದಲ್ಲಿ ‘ಸ್ಟೆಂಗ್ಟ್’ ಎಂದಿದ್ದರೆ ಮುಚ್ಚಿದೆ ಎಂದರ್ಥ.

ಓಂಡಾಲ್ಸ್‌ನೆಸ್‌ನಿಂದ ಓಲೆಸುಂಡ್. 1904ರ ಬೆಂಕಿಯಲ್ಲಿ ಸುಟ್ಟು, ಆ ಕಾಲದ ಶೈಲಿಯಲ್ಲೇ ಒಟ್ಟಿಗೆ ಮರುಕಟ್ಟಿದ ಚೆಂದದ ಊರು. ಅಲ್ಲಿಂದ ಇ39 ಹೆದ್ದಾರಿಯಲ್ಲಿ ಎರಡು ದಿನಕ್ಕೆ ಬೆರ್ಗೆನ್. ಈ ದಾರಿಯ ಲಾವಿಕ್–ಓಪೆಡಾಲ್ ದಾಟಿನಲ್ಲೇ ಜಗತ್ತಿನ ಮೊದಲ ಬ್ಯಾಟರಿಚಾಲಿತ ಕಾರು ದೋಣಿ ‘ಆಂಪೆರೆ’ 2015ರಲ್ಲಿ ಸೇವೆಗಿಳಿದದ್ದು.

7. ರಾತ್ರಿ ಎಲ್ಲಿ?

‘ನಾರ್ವೆಯಲ್ಲಿ ಎಲ್ಲಿ ಬೇಕಾದರೂ ತಂಗಬಹುದಂತೆ’ ಎಂಬ ಮಾತು ಅರ್ಧ ಸತ್ಯ. ‘ಆಲೆಮನ್ಸ್‌ರೆಟ್’, ಅಂದರೆ ಸರ್ವರ ಹಕ್ಕು ಎಂಬ ಪದ್ಧತಿ ಅಲ್ಲಿದೆ, 1957ರ ಕಾಯ್ದೆಯೂ ಇದೆ. ಬೇಸಾಯವಿಲ್ಲದ ಬಯಲಲ್ಲಿ, ಮನೆಗಳಿಂದ 150 ಮೀಟರ್ ದೂರದಲ್ಲಿ, ಎರಡು ರಾತ್ರಿಯವರೆಗೆ ಡೇರೆ ಹಾಕಬಹುದು. ಆ ಹಕ್ಕು ಕಾಲ್ನಡಿಗೆಯವರದು, ಮೋಟಾರು ವಾಹನದ್ದಲ್ಲ. ರಸ್ತೆ ಬಿಟ್ಟು ಹುಲ್ಲಿನ ಮೇಲೆ ಗಾಡಿ ಇಳಿಸುವಂತಿಲ್ಲ. ‘ಕ್ಯಾಂಪಿಂಗ್ ಫೊರ್‌ಬುಟ್’ ಎಂಬ ಫಲಕವಿರುವಲ್ಲಿ ರಾತ್ರಿ ಕಳೆಯಲೂಬಾರದು. ಪ್ರವಾಸಿಗರು ಮುಗಿಬೀಳುವ ಊರುಗಳಲ್ಲಿ ಆ ಫಲಕಗಳೇ ಹೆಚ್ಚು.

ನೇರ ದಾರಿ ಕ್ಯಾಂಪಿಂಗ್ ತಾಣ. ವಿದ್ಯುತ್, ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಸಾಮೂಹಿಕ ಅಡುಗೆಮನೆ ಎಲ್ಲ ಇರುತ್ತವೆ. ಜುಲೈ ಬಿಟ್ಟರೆ ಮಧ್ಯಾಹ್ನ ಮೂರರೊಳಗೆ ತಲುಪಿದವರಿಗೆ ನೀರಂಚಿನ ಜಾಗವೇ ಸಿಗಬಹುದು. ಗೈರಾಂಗರ್‌ಗೆ ಮಾತ್ರ ಮೊದಲೇ ಹೇಳಿಡಿ.

8. ಯಾರೂ ಹೇಳದ ಕೆಲಸ: ನೀರು ಮತ್ತು ಶೌಚ

ಗಾಡಿಯಲ್ಲಿ ಮೂರು ತೊಟ್ಟಿಗಳು. ಒಳ್ಳೆ ನೀರಿನದು, ಬಚ್ಚಲ ನೀರಿನದು, ಶೌಚದ ಪೆಟ್ಟಿಗೆ. ಕೊನೆಯದನ್ನು ಕ್ಯಾಸೆಟ್ ಎನ್ನುತ್ತಾರೆ. ಹೊರಗಿನ ಸಣ್ಣ ಬಾಗಿಲು ತೆರೆದರೆ ಸೂಟ್‌ಕೇಸಿನಂತೆ ಈಚೆ ಬರುತ್ತದೆ, ಕೆಲವಕ್ಕೆ ಗಾಲಿಯೂ ಇದೆ. ‘ಟೊಮ್ಮೆಸ್ಟಾಷೋನ್’ ಎಂಬ ವಿಸರ್ಜನಾ ಕಟ್ಟೆಗೆ ಎಳೆದುಕೊಂಡು ಹೋಗಿ, ಮೂತಿ ತಿರುಗಿಸಿ, ಗಾಳಿಯ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿಹಿಡಿದು ಸುರಿಯಬೇಕು. ಗುಂಡಿ ಒತ್ತಲು ಮರೆತರೆ ಗುಳುಗುಳು ಎಂದು ಚಿಮ್ಮಿ ನಿಮ್ಮ ಬೂಟಿನ ಮೇಲೆಯೇ. ನಂತರ ನೀರು ಹಾಕಿ ಕುಲುಕಿ ಎರಡು ಸಲ ತೊಳೆದು, ವಾಸನೆ ತಡೆಯುವ ದ್ರಾವಣ ಹಾಕಿ ಹಿಂದಿಡಿ. ಎರಡು ದಿನಕ್ಕೊಮ್ಮೆ ಮಾಡಿದರೆ ಐದು ನಿಮಿಷದ ಕೆಲಸ. ನಾಲ್ಕು ದಿನ ಮುಂದೂಡಿದರೆ ಮನೆಯಲ್ಲಿ ಜಗಳ. ಮೊದಲ ದಿನವೇ ಸರದಿ ಗೊತ್ತುಮಾಡಿಕೊಳ್ಳಿ.

ಶೌಚದ ಕಟ್ಟೆಯ ಬಳಿ ಇರುವ ಕೊಳವೆ ಕ್ಯಾಸೆಟ್ ತೊಳೆಯಲು. ಕುಡಿಯುವ ನೀರಿನ ನಲ್ಲಿ ಬೇರೆಯೇ ಇರುತ್ತದೆ. ಫಲಕ ಓದದೆ ತುಂಬಿಸಬೇಡಿ.

9. ಅಡುಗೆ

ಅಲ್ಲಿ ಹೋಟೆಲಿನ ಊಟ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಅಕ್ಕಿ, ಬೇಳೆ, ರವೆ, ಸಾರಿನ ಪುಡಿ, ಚಟ್ನಿಪುಡಿ ಒಯ್ಯಿರಿ. ಆದರೆ ತುಪ್ಪ, ಖೋವಾ ಸಿಹಿ, ಹಾಲಿನ ಪುಡಿ ಬೇಡ. ಐರೋಪ್ಯ ಆರ್ಥಿಕ ವಲಯದ ಹೊರಗಿನಿಂದ ಹಾಲಿನ ಹಾಗೂ ಮಾಂಸದ ಪದಾರ್ಥ ತರುವುದನ್ನು ನಿಷೇಧಿಸಿದ್ದಾರೆ. ಅಮ್ಮ ಕಾಯಿಸಿ ಕೊಟ್ಟ ತುಪ್ಪ ಸುಂಕದ ಕಟ್ಟೆಯ ಕಸದ ಬುಟ್ಟಿ ಸೇರುವುದು ಬೇಡವೆಂದರೆ ಮನೆಯಲ್ಲೇ ಬಿಡಿ. ಅಲ್ಲಿನ ಬೆಣ್ಣೆ ಕೊಂಡು ಗಾಡಿಯಲ್ಲೇ ಕಾಯಿಸಿಕೊಳ್ಳಬಹುದು, ಘಮಘಮ ಎನ್ನುತ್ತದೆ.

ಒಗ್ಗರಣೆಗೆ ಮೊದಲು ಚಾವಣಿಯ ಕಿಟಕಿ ತೆರೆಯಿರಿ. ಸಾಸಿವೆ ಸಿಡಿಯುವಷ್ಟರಲ್ಲಿ ಹೊಗೆಯ ಎಚ್ಚರಿಕೆ ಗಂಟೆ ಕಿರುಚಿಕೊಳ್ಳುತ್ತದೆ, ನೆರೆಯ ಗಾಡಿಯವರು ಓಡಿಬರುತ್ತಾರೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಮೊಸರು, ತರಕಾರಿ ತುಂಬಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ಅಂಗಡಿಯ ಬಾಗಿಲ ಬಳಿಯ ‘ಪಂಟ್’ ಯಂತ್ರಕ್ಕೆ ಹಾಕಿದರೆ ಕೊಳ್ಳುವಾಗ ಕೊಟ್ಟ ಠೇವಣಿ ವಾಪಸು ಸಿಗುತ್ತದೆ.

10. ಗಾಡಿ ಒಪ್ಪಿಸುವ ದಿನ

ಹಿಂದಿನ ರಾತ್ರಿ ಬೆರ್ಗೆನ್‌ನಿಂದ ಒಂದು ಗಂಟೆಯೊಳಗಿನ ತಾಣದಲ್ಲಿ ತಂಗಿ. ಬೆಳಗ್ಗೆ ಕ್ಯಾಸೆಟ್ ಮತ್ತು ಬಚ್ಚಲ ತೊಟ್ಟಿ ಖಾಲಿ ಮಾಡಿ, ಒಳಗೆ ಗುಡಿಸಿ ಒರೆಸಿ, ಡೀಸೆಲ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಕ್ಯಾಸೆಟ್ ತುಂಬಿದ್ದರೆ ಸಂಸ್ಥೆಗಳು ಹಾಕುವ ಶುಲ್ಕ ಒಂದು ಒಳ್ಳೆಯ ಊಟದ ಬೆಲೆಗಿಂತ ಹೆಚ್ಚು. ಕೀಲಿ ಕೊಡುವ ಮೊದಲು ಮತ್ತೊಮ್ಮೆ ಸುತ್ತ ವಿಡಿಯೊ ಮಾಡಿ, ಸಿಬ್ಬಂದಿಯ ಎದುರೇ. ಬೀರುಗಳನ್ನು ಒಂದೊಂದಾಗಿ ತೆರೆದು ನೋಡಿ. ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಮಡಚಿಟ್ಟ ಖಾಲಿ ಚೀಲಗಳನ್ನು ಮರೆತು ವಿಮಾನ ನಿಲ್ದಾಣಕ್ಕೆ ಹೋದವರು ಬಹಳ ಮಂದಿ.